ಬೆರಳ ತುದಿಯ ಚಳವಳಿ, ಬರಿದಾಗುವ ಗ್ರಾಮಸಭೆ

ಮಳೆಗಾಲ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮೊಬೈಲುಗಳಲ್ಲಿ ಪಶ್ಚಿಮಘಟ್ಟದ ಮೇಲಿನ ಪ್ರೀತಿ ಉಕ್ಕಿ ಹರಿಯತೊಡಗುತ್ತದೆ. ಕುಮಾರಧಾರೆ ಕೆಂಪಾಗಿ ಹರಿದ ಚಿತ್ರ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದ ಚಿತ್ರ, ಸೇತುವೆಯ ಮೇಲೆ ನೀರು ಉಕ್ಕಿದ ಚಿತ್ರ ಒಂದರ ಹಿಂದೊಂದು ಬರುತ್ತವೆ. ಪ್ರತಿ ಚಿತ್ರದ ಕೆಳಗೂ ಮನುಷ್ಯನ ದುರಾಸೆಯ ಬಗ್ಗೆ ನಾಲ್ಕು ಸಾಲಿನ ಖಂಡನೆ ಇರುತ್ತದೆ. ಅಕ್ಟೋಬರಿನ ಹೊತ್ತಿಗೆ ಮಳೆ ನಿಲ್ಲುತ್ತದೆ, ಖಂಡನೆಯೂ ನಿಲ್ಲುತ್ತದೆ. ನವೆಂಬರಿನಲ್ಲಿ ಅದೇ ಗುಡ್ಡದ ಬುಡಕ್ಕೆ ಜೆಸಿಬಿ ಬಂದಾಗ, ಅದಕ್ಕೆ ಪರವಾನಿಗೆ ಕೊಟ್ಟವರು ಯಾರು, ಯಾವ ಸಭೆಯಲ್ಲಿ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ಕೇಳಲು ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತುವವರು ಎಷ್ಟು ಮಂದಿ?

ಈ ಪ್ರಶ್ನೆ ಅಹಿತಕರವಾದುದು. ಆದರೆ ಮಲೆಸೀಮೆಯ ಪರಿಸರ ಚಳವಳಿ ಇಂದು ತನಗೆ ತಾನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ ಆಗಿದೆ. ಸಾಮಾಜಿಕ ಜಾಲತಾಣಗಳು ಜನರನ್ನು ಹೋರಾಟಕ್ಕೆ ತಂದಿವೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹೋರಾಟದ ಸುದ್ದಿಯನ್ನು ಅವು ಜನರಲ್ಲಿಗೆ ತಂದಿರುವುದು ನಿಜ. ಜನರನ್ನು ಹೋರಾಟದೊಳಗೆ ತಂದಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಸಂದೇಶವೊಂದನ್ನು ಐದು ಗುಂಪುಗಳಿಗೆ ದಾಟಿಸಿದವನಿಗೆ ತನ್ನ ಪಾಲಿನ ಕರ್ತವ್ಯ ಮುಗಿಯಿತೆಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಇಂದು ಚಳವಳಿಯನ್ನು ಒಳಗಿಂದ ತಿನ್ನುತ್ತಿರುವ ಗೆದ್ದಲು.

ಕಡತ ಎಣಿಸುವುದು ಏನನ್ನು?

ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ವಿಷಯವನ್ನೇ ನೋಡಬಹುದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ತನ್ನ ವರದಿ ನೀಡಿತು. ಅದರ ಆಧಾರದ ಮೇಲೆ ಕೇಂದ್ರ ಸರಕಾರ 2014, 2015, 2017, 2018, 2022 ಮತ್ತು 2024ರಲ್ಲಿ ಒಟ್ಟು ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿದೆ. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣಿನಡಿ ಸಿಲುಕಿದ ಮರುದಿನ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶ ಈ ಕರಡಿನೊಳಗಿದೆ. ದಕ್ಷಿಣ ಕನ್ನಡದ 46 ಗ್ರಾಮಗಳು ಪಟ್ಟಿಯಲ್ಲಿದ್ದು, ಅವು ಬೆಳ್ತಂಗಡಿ, ಸುಳ್ಯ ಹಾಗೂ ಅವಿಭಜಿತ ಪುತ್ತೂರು ತಾಲೂಕಿಗೆ ಸೇರಿದವು. ಪ್ರತಿ ಸಲವೂ ಆಕ್ಷೇಪಣೆ ಮತ್ತು ಸಲಹೆ ಸಲ್ಲಿಸಲು ಜನರಿಗೆ 60 ದಿನಗಳ ಅವಕಾಶವಿತ್ತು.

ಆ ದಿನಗಳಲ್ಲಿ ಮೊಬೈಲುಗಳಲ್ಲಿ ಹರಿದಾಡಿದ್ದು ಏನು? ಒಂದು ಕಡೆಯಿಂದ, ಮನೆ ರಿಪೇರಿ ಮಾಡುವಂತಿಲ್ಲ, ಜಾಗ ಮಾರುವಂತಿಲ್ಲ, ಅಡಿಕೆ ತೋಟ ಬಿಟ್ಟು ಊರು ಖಾಲಿ ಮಾಡಬೇಕು ಎಂಬ ಬೆದರಿಕೆ. ಇನ್ನೊಂದು ಕಡೆಯಿಂದ, ವರದಿಯನ್ನು ವಿರೋಧಿಸುವವರೆಲ್ಲ ಗಣಿ ಮತ್ತು ಮರಳು ದಂಧೆಯ ಬಾಡಿಗೆ ಬಂಟರು ಎಂಬ ಬೈಗುಳ. ಎರಡೂ ಕಡೆಯವರಲ್ಲಿ ಕರಡನ್ನು ಓದಿದವರು ಬೆರಳೆಣಿಕೆಯವರು. ಕರಡು ನಿಷೇಧಿಸಲು ಹೊರಟಿರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಹೊಸ ಕೈಗಾರಿಕೆ, 20,000 ಚದರ ಮೀಟರಿಗೂ ಮೀರಿದ ಹೊಸ ಕಟ್ಟಡ ಹಾಗೂ ಹೊಸ ಉಪನಗರಗಳನ್ನು. ಇರುವ ಮನೆಯ ದುರಸ್ತಿಗಾಗಲಿ, ಆಸ್ತಿಯ ಮಾರಾಟಕ್ಕಾಗಲಿ ಅದರಲ್ಲಿ ತಡೆಯಿಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡಕ್ಕಿಳಿಸಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಲು ಎಷ್ಟು ಹೊತ್ತು ಬೇಕಿತ್ತು?

ಹಾಗೆಂದು ಹಳ್ಳಿಗರ ಭಯ ಬರಿಯ ಭ್ರಮೆ ಎನ್ನುವುದು ಅನ್ಯಾಯವಾಗುತ್ತದೆ. ಕುಮ್ಕಿ ಹಕ್ಕಿನ ಗೊಂದಲ, ಇತ್ಯರ್ಥವಾಗದ ಅಕ್ರಮ ಸಕ್ರಮದ ಅರ್ಜಿ, ಮುಗಿಯದ ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆ, ತೋಟಕ್ಕಿಳಿಯುವ ಆನೆ ಇವುಗಳ ನಡುವೆ ಬದುಕುವವನಿಗೆ ದಿಲ್ಲಿಯಿಂದ ಬರುವ ಯಾವ ಕಾಗದವೂ ನಂಬಿಕೆ ಹುಟ್ಟಿಸುವುದಿಲ್ಲ. ಗಾಡ್ಗೀಳ್ ಸಮಿತಿ ನಿರ್ಧಾರವು ಗ್ರಾಮಸಭೆಯಿಂದ ಮೇಲೇರಬೇಕು ಎಂದಿತ್ತು. ನಂತರದ ಸಮಿತಿ ಉಪಗ್ರಹದ ಚಿತ್ರವನ್ನು ನೆಚ್ಚಿ ಮೇಲಿನಿಂದ ಗಡಿ ಎಳೆಯಿತು. ನ್ಯಾಯವಾದ ತಕರಾರು ಇಲ್ಲಿತ್ತು: ನಮ್ಮೂರ ಗಡಿಯನ್ನು ನಮ್ಮೂರ ಸಭೆಯಲ್ಲಿ ತೀರ್ಮಾನಿಸಿ ಎಂದು ಊರು ಕೇಳಬಹುದಿತ್ತು. ಯಾವ ಸರ್ವೆ ನಂಬರು ಏಕೆ ಸೇರಿದೆ, ಯಾವುದನ್ನು ಬಿಡಬೇಕು, ಯಾವ ಕ್ವಾರಿಯನ್ನು ಮೊದಲು ಮುಚ್ಚಬೇಕು ಎಂದು ಬರೆದು ಕೊಡಬಹುದಿತ್ತು. ಅದು ನಡೆಯಬೇಕಾದಷ್ಟು ನಡೆಯಲಿಲ್ಲ. ಭಯವೂ ಬೈಗುಳವೂ ಗುಂಪಿನಿಂದ ಗುಂಪಿಗೆ ದಾಟಿದವು, ಕಡತಕ್ಕೆ ದಾಟಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸುವ ತೀರ್ಮಾನ ಮಾಡಿತು. ಕ್ವಾರಿಯ ಒಡೆಯನೂ ಕೃಷಿಕನೂ ಒಂದೇ ಸಂದೇಶವನ್ನು ಫಾರ್ವರ್ಡ್ ಮಾಡಿ ಒಂದೇ ಸಂತೋಷ ಪಟ್ಟರು. ಇವರಿಬ್ಬರ ಹಿತ ಒಂದೇ ಎಂದು ನಂಬಿಸಿದ್ದೇ ಮೊಬೈಲಿನ ಸಾಧನೆ.

ಸರಕಾರದ ಕಡತ ಲೈಕುಗಳನ್ನು ಎಣಿಸುವುದಿಲ್ಲ. ಅದು ಎಣಿಸುವುದು ಸಹಿ ಮತ್ತು ದಿನಾಂಕವುಳ್ಳ ಆಕ್ಷೇಪಣೆಯನ್ನು, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾದ ನಿರ್ಣಯವನ್ನು, ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಆಡಿದ ಮಾತನ್ನು. ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಡರು ಇದಕ್ಕೆ ಸಾಕ್ಷಿ. ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆಯನ್ನು ಅಲ್ಲಿನ ಗ್ರಾಮಸಭೆಗಳ ಮುಂದಿಡಬೇಕೆಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಆ ವರ್ಷದ ಮಳೆಗಾಲದಲ್ಲಿ ಹನ್ನೆರಡು ಗ್ರಾಮಗಳಲ್ಲಿ ಸಭೆ ಸೇರಿತು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ವೇದಾಂತ ಎಂಬ ದೈತ್ಯ ಕಂಪನಿಯನ್ನು ಬೆಟ್ಟದಿಂದ ಹಿಂದಕ್ಕೆ ಕಳಿಸಿದ್ದು ಆ ಹನ್ನೆರಡು ನಿರ್ಣಯಗಳು. ದೇಶವಿದೇಶಗಳಿಂದ ಬೆಂಬಲದ ಮಾತು ಬಂದದ್ದು ಹೌದು. ಆದರೆ ಆ ಮಾತಿಗೆ ನಿಲ್ಲಲು ನೆಲವಾಗಿ ಬೆಟ್ಟದ ಜನರ ಕೂಟ ಮೊದಲೇ ಇತ್ತು.

ಗುಂಡ್ಯ ಹೊಳೆಯ ಲೆಕ್ಕ

ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಸಕಲೇಶಪುರದ ಕಾಡುಗಳಲ್ಲಿ ಹುಟ್ಟುತ್ತವೆ. ಅವುಗಳ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಈ ತೊರೆಗಳಿಂದ 24.01 ಟಿಎಂಸಿ ನೀರನ್ನು ಮೇಲೆತ್ತಿ ಪೂರ್ವದ ಬಯಲಿಗೆ ಒಯ್ಯುವ ಯೋಜನೆಯ ಅಂದಾಜು ವೆಚ್ಚ 2012ರಲ್ಲಿ 8,323 ಕೋಟಿ ರೂಪಾಯಿ. ಅದು 2014ರಲ್ಲಿ 12,912 ಕೋಟಿಗೆ, ಮುಂದೆ 23,251 ಕೋಟಿಗೆ ಏರಿತು. ಕುಡಿಯುವ ನೀರಿನ ಯೋಜನೆ ಎಂಬ ಹೆಸರು ಪಡೆದ ಕಾರಣ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪೂರ್ವಾನುಮತಿಯಿಂದ ಅದಕ್ಕೆ ವಿನಾಯಿತಿ ದೊರೆಯಿತು. ಅಂದರೆ ಸಾರ್ವಜನಿಕ ಅಹವಾಲು ಎಂಬ ಬಾಗಿಲೇ ಮುಚ್ಚಿತು. ಹೊಳೆಯ ಕೆಳದಂಡೆಯ ಊರುಗಳನ್ನು ಯಾರೂ ವಿಧಿವತ್ತಾಗಿ ಕೇಳಲಿಲ್ಲ.

ಜಿಲ್ಲೆ ಸುಮ್ಮನಿರಲಿಲ್ಲ. ಸಭೆ, ಪಾದಯಾತ್ರೆ, ಧರಣಿ ನಡೆದವು. 2016ರ ಮೇ ತಿಂಗಳಲ್ಲಿ ಜಿಲ್ಲೆಗೆ ಜಿಲ್ಲೆಯೇ ಬಂದ್ ಆಯಿತು. ಹಸಿರು ನ್ಯಾಯಮಂಡಳಿಯ ತನಕ ಹೋದವರಿದ್ದರು. ಫೇಸ್‌ಬುಕ್ಕಿನ ಪುಟಗಳಲ್ಲಿ ನೇತ್ರಾವತಿಯ ಚಿತ್ರಗಳು ತುಂಬಿದವು. ಆದರೆ ಬಂದ್ ಮುಗಿದ ಮರುದಿನದಿಂದ ಹೋರಾಟ ಯಾವ ಊರಿನ ಯಾವ ಸಮಿತಿಯ ಹೆಗಲ ಮೇಲೆ ಇಳಿಯಿತು? ಹೊಳೆಯ ಹೆಸರಿನಲ್ಲಿ ಪ್ರೊಫೈಲ್ ಚಿತ್ರ ಬದಲಿಸಿದವರಲ್ಲಿ ಎಷ್ಟು ಮಂದಿ ಮುಂದಿನ ಬೇಸಿಗೆಯಲ್ಲಿ ಅದೇ ಹೊಳೆಯ ದಂಡೆಗೆ ಹೋದರು? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಜಲಾನಯನದಲ್ಲಿ ದೊರೆಯಬಹುದಾದ ನೀರು 9.55 ಟಿಎಂಸಿ ಮಾತ್ರ ಎಂದು ಅಂದಾಜಿಸಿತು. ಸಾವಿರ ಘೋಷಣೆಗಳಿಗಿಂತ ತೂಕದ ಅಂಕಿ ಅದು. ಅದರ ಬೆನ್ನಿಗೆ, ಗುಂಡ್ಯದಿಂದ ಉಪ್ಪಿನಂಗಡಿಯ ತನಕ ಪ್ರತಿ ಪಂಚಾಯತ್ ತನ್ನ ಹೊಳೆಯ ಮಟ್ಟವನ್ನು ದಿನವೂ ಅಳೆದು ಬರೆದಿಟ್ಟ ಪುಸ್ತಕವಿದ್ದಿದ್ದರೆ, 2024ರ ಸೆಪ್ಟೆಂಬರ್ 6ರಂದು ಯೋಜನೆಯ ಮೊದಲ ಹಂತ ಉದ್ಘಾಟನೆಯಾದ ಮೇಲೂ ಹೋರಾಟಕ್ಕೆ ಕೈಯಲ್ಲೊಂದು ಆಧಾರ ಇರುತ್ತಿತ್ತು. ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಸರಕಾರ ಹೇಳಿದಷ್ಟೇ ನಂಬಬೇಕಾದ ಸ್ಥಿತಿ ಬರುತ್ತಿರಲಿಲ್ಲ. ಇದು ಅಸಾಧ್ಯದ ಕೆಲಸವೂ ಅಲ್ಲ. ಸುಳ್ಯದ ಬಾಳಿಲದಂಥ ಊರಿನಲ್ಲಿ ದಶಕಗಳಿಂದ ದಿನದಿನದ ಮಳೆಯನ್ನು ಅಳೆದು ದಾಖಲಿಸುತ್ತ ಬಂದ ಕೃಷಿಕರಿದ್ದಾರೆ. ಮೊಬೈಲು ಬರುವ ಮೊದಲೇ ಈ ಸೀಮೆಗೆ ಬರೆದಿಡುವ ಶಿಸ್ತು ತಿಳಿದಿತ್ತು.

ಹಿಂದಿನ ಹೋರಾಟ ಗೆದ್ದದ್ದು ಹೇಗೆ?

ಎಂಡೋಸಲ್ಫಾನ್ ವಿರುದ್ಧದ ಹೋರಾಟವನ್ನು ಇಂದಿನ ವಿದ್ಯಾರ್ಥಿಗಳು ಪಾಠದಂತೆ ಓದಬೇಕು. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುವುದು 1970ರ ದಶಕದ ಕೊನೆಯಲ್ಲಿ ಶುರುವಾಗಿ 2000ದವರೆಗೂ ನಡೆಯಿತು. ಗಡಿಯ ಈಚೆ ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಅದೇ ಸಿಂಪಡಣೆಯಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆಮನೆಯ ಲೆಕ್ಕವಿಟ್ಟರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ವರ್ಷಗಟ್ಟಲೆ ಬರೆದರು, ಪತ್ರ ಕಳಿಸಿದರು, ಬಂದವರನ್ನು ಕರೆದೊಯ್ದು ತೋರಿಸಿದರು. ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ವೈಮಾನಿಕ ಸಿಂಪಡಣೆಗೆ ತಡೆ ತಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನ್ ತಯಾರಿ ಮತ್ತು ಮಾರಾಟಕ್ಕೆ ತಡೆಯಾಜ್ಞೆ ನೀಡಿತು.

ಈ ಹೋರಾಟದ ಬಹುಭಾಗ ನಡೆದಾಗ ವಾಟ್ಸಾಪ್ ಹುಟ್ಟಿಯೇ ಇರಲಿಲ್ಲ. ಇದ್ದದ್ದು ರೋಗಿಗಳ ಪಟ್ಟಿ, ಅಂಚೆಯ ಲಕೋಟೆ, ನ್ಯಾಯಾಲಯದ ಮೊಹರು ಮತ್ತು ದಣಿಯದ ಮನುಷ್ಯರು. ಇಂದು ಕಡಬ ತಾಲೂಕಿನ ಕೊಯಿಲದಲ್ಲಿ, ಬೆಳ್ತಂಗಡಿಯ ಕೊಕ್ಕಡದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರಗಳಿವೆಯೆಂದರೆ, ಯಾರೋ ಎಂದೋ ಹೆಸರು, ವಯಸ್ಸು, ಕಾಯಿಲೆ ಬರೆದುಕೊಂಡು ಮನೆಯಿಂದ ಮನೆಗೆ ನಡೆದುದರ ಫಲ. ಅಂಗಳಕ್ಕೆ ಕಾಲಿಡದೆ, ಮಗುವಿನ ಚಿತ್ರಕ್ಕೆ ಕಣ್ಣೀರಿನ ಗುರುತು ಒತ್ತಿದರೆ ಆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ.

ಪುತ್ತೂರಿಗೆ ಇನ್ನೂ ಒಂದು ಪರಂಪರೆಯಿದೆ. ಇಲ್ಲಿಂದಲೇ 1988ರಲ್ಲಿ ಅಡಿಕೆ ಪತ್ರಿಕೆ ಹೊರಟು, ಕೃಷಿಕನ ಕೈಗೇ ಲೇಖನಿ ಕೊಡುವ ಪ್ರಯೋಗ ಮಾಡಿತು. ಇಲ್ಲಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ನಿಂತು, ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೇ ಇಳಿದರು. ಸೋಲು ಖಚಿತವೆಂದು ಬಲ್ಲವರೂ ಜನರ ಮುಂದೆ ಹೋಗಿ ನಿಲ್ಲಬೇಕು ಎಂಬುದು ಆ ತಲೆಮಾರಿನ ನಿಲುವು. ಇಂದಿನ ಹೋರಾಟಗಾರನಿಗೆ ಎದುರಿಗಿರುವವನ ಮುಖ ಕಾಣುವುದೇ ಇಲ್ಲ. ಒಪ್ಪದವನನ್ನು ಗುಂಪಿನಿಂದ ಹೊರಹಾಕಿದರೆ ಚರ್ಚೆ ಮುಗಿಯಿತು. ಗ್ರಾಮಸಭೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಕ್ವಾರಿಯಲ್ಲಿ ದುಡಿಯುವವನೂ ಇರುತ್ತಾನೆ, ಕ್ವಾರಿಯ ಧೂಳು ಕುಡಿಯುವವನೂ ಇರುತ್ತಾನೆ. ಇಬ್ಬರೂ ಪರಸ್ಪರರ ಮಾತು ಕೇಳಲೇಬೇಕು. ಚಳವಳಿ ಬೆಳೆಯುವುದು ಆ ಕಷ್ಟದಲ್ಲಿ.

ಎದುರು ವಾದಕ್ಕೆ ಉತ್ತರ

ಇದನ್ನೆಲ್ಲ ಓದಿದ ಯುವಕನೊಬ್ಬ ಕಂಬಳದ ಉದಾಹರಣೆ ಕೊಡಬಹುದು. 2016ರ ಕೊನೆಯಲ್ಲಿ ಹೈಕೋರ್ಟಿನ ತಡೆಯಿಂದ ಕಂಬಳ ನಿಂತಿತ್ತು. 2017ರ ಜನವರಿಯಲ್ಲಿ ಚೆನ್ನೈಯ ಮರೀನಾ ದಂಡೆಯಲ್ಲಿ ಜಲ್ಲಿಕಟ್ಟಿಗಾಗಿ ಸೇರಿದ ಜನಸಾಗರದ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಅದೇ ತಿಂಗಳ ಕೊನೆಗೆ ಮೂಡುಬಿದಿರೆಯಲ್ಲಿ ಕೋಣಗಳೊಂದಿಗೆ ಜನ ನೆರೆದರು. ಫೆಬ್ರವರಿಯಲ್ಲಿ ವಿಧಾನಮಂಡಲ ಮಸೂದೆ ಅಂಗೀಕರಿಸಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ತಿದ್ದುಪಡಿ ಕಾಯಿದೆಯನ್ನು ಎತ್ತಿಹಿಡಿಯಿತು. ಜಾಲತಾಣ ಗೆಲ್ಲಿಸಲಿಲ್ಲವೇ ಎಂಬುದು ಪ್ರಶ್ನೆ.

ಕಂಬಳಕ್ಕೆ ಜಾಲತಾಣಕ್ಕೂ ಮೊದಲೇ ಒಂದು ಜಾಲವಿತ್ತು ಎಂಬುದನ್ನು ಮರೆಯಬಾರದು. ಪುತ್ತೂರಿನ ಕೋಟಿ ಚೆನ್ನಯ, ಉಪ್ಪಿನಂಗಡಿಯ ವಿಜಯ ವಿಕ್ರಮ ಹೀಗೆ ಕರೆ ಕರೆಗೂ ಒಂದು ಸಮಿತಿ, ಕೋಣಗಳ ಯಜಮಾನರು, ಓಟಗಾರರು, ವರ್ಷವೂ ಕೂಡುವ ಊರಿನವರು ಇದ್ದರು. ಮೊಬೈಲು ಅವರಿಗೆ ಹೊತ್ತು ಮತ್ತು ಜಾಗ ತಿಳಿಸಿತು, ಅಷ್ಟೇ. ಕೂಟವಿದ್ದಲ್ಲಿ ಸಂದೇಶಕ್ಕೆ ಕೈಕಾಲು ಬರುತ್ತದೆ. ಹೊಳೆಗಾಗಲಿ, ಕಾಡಿಗಾಗಲಿ ಅಂಥ ಸಮಿತಿಯನ್ನು ಊರೂರಿನಲ್ಲಿ ಕಟ್ಟದೆ, ಸಂದೇಶವೊಂದೇ ಕೂಟವನ್ನು ಹುಟ್ಟಿಸುತ್ತದೆಂದು ನಂಬಿರುವುದೇ ಪರಿಸರ ಚಳವಳಿಯ ದೋಷ.

2020ರ ಪರಿಸರ ಪರಿಣಾಮ ಕರಡಿನ ಕಥೆಯೂ ಇದನ್ನೇ ಹೇಳುತ್ತದೆ. ಕೊರೋನಾ ಕಾಲದಲ್ಲಿ ಬಂದ ಆ ಕರಡಿಗೆ ದೇಶದ ಯುವಜನರು ಇಮೇಲ್‌ಗಳ ಮಳೆಗರೆದರು. ಅದು ನಿಷ್ಫಲವಾಗಲಿಲ್ಲ, ಏಕೆಂದರೆ ಆ ಇಮೇಲ್‌ಗಳು ಕಾನೂನು ತೆರೆದಿಟ್ಟ ಆಕ್ಷೇಪಣೆಯ ಬಾಗಿಲಿಗೇ ಹೋದವು. ಜೊತೆಗೆ, ಕರಡು ಜನರ ಭಾಷೆಗಳಲ್ಲಿ ಬರಬೇಕೆಂದು ದಿಲ್ಲಿ ಹೈಕೋರ್ಟು ಜೂನ್ 30ರಂದು ಹೇಳಿತು. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆ ಹೊರಡಿಸದಂತೆ ಕೇಂದ್ರವನ್ನು ತಡೆಯಿತು. ಆ ಕರಡು ಅಂತಿಮ ಅಧಿಸೂಚನೆಯಾಗಲಿಲ್ಲ. ಬೆರಳ ತುದಿ ಕಡತಕ್ಕೆ ದಾರಿ ಹುಡುಕಿದಾಗ ಕೆಲಸವಾಯಿತು. ಬರಿಯ ಸಿಟ್ಟು ಹಂಚಿದ್ದರೆ ಆಗುತ್ತಿರಲಿಲ್ಲ.

ದಿಲ್ಲಿಯ ಗಡಿಗಳಲ್ಲಿ 2020ರ ನವೆಂಬರಿನಿಂದ ವರ್ಷಕ್ಕೂ ಮೀರಿ ಕುಳಿತ ರೈತರ ಬಳಿಯೂ ಮೊಬೈಲುಗಳಿದ್ದವು. ಆದರೂ ಟ್ರ್ಯಾಕ್ಟರಿನ ಟ್ರಾಲಿಗಳಲ್ಲಿ ಮಲಗಿದ್ದ ಹಿರಿಯರಿಗಾಗಿ ಪಂಜಾಬಿ ಮತ್ತು ಹಿಂದಿಯಲ್ಲಿ ಟ್ರಾಲಿ ಟೈಮ್ಸ್ ಎಂಬ ಪತ್ರಿಕೆಯನ್ನು ಅಚ್ಚುಹಾಕಿ ಕೈಯಿಂದ ಕೈಗೆ ಹಂಚಲಾಯಿತು. ಮೂರು ಕಾಯಿದೆಗಳನ್ನು ಹಿಂಪಡೆಯುವ ಘೋಷಣೆ 2021ರ ನವೆಂಬರ್ 19ರಂದು ಬಂದಿತು. ಅದಕ್ಕೂ ಬಹಳ ಹಿಂದೆ, 1955ರಲ್ಲಿ, ಅಮೆರಿಕದ ಮಾಂಟ್ಗೊಮೆರಿ ನಗರದಲ್ಲಿ ಕಪ್ಪುಜನರು ಬಸ್ಸು ಬಹಿಷ್ಕರಿಸಿದಾಗ ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ರಾತ್ರಿಯಿಡೀ ಸೈಕ್ಲೋಸ್ಟೈಲ್ ಮಾಡಿದ ಸಾವಿರಾರು ಕರಪತ್ರಗಳು ಸುದ್ದಿ ಹರಡಿದವು. ಆದರೆ 381 ದಿನ ಬಸ್ಸು ಹತ್ತದೆ ಉಳಿಯಲು ಬೇಕಾದದ್ದು ಚರ್ಚುಗಳ ಸಭೆ ಮತ್ತು ಕಾರುಗಳ ಸರದಿ. ಕರಪತ್ರ ಒಂದು ರಾತ್ರಿಯ ಕೆಲಸ. ಸರದಿ ಒಂದು ವರ್ಷದ ಕೆಲಸ.

ಕೀಲಿ ಯಾರ ಕೈಯಲ್ಲಿದೆ?

ಮೊಬೈಲನ್ನೇ ಚಳವಳಿಯ ಮನೆ ಮಾಡಿಕೊಂಡವರು ಆ ಮನೆಯ ಕೀಲಿ ಯಾರ ಬಳಿಯಿದೆ ಎಂದು ಒಮ್ಮೆ ಯೋಚಿಸಬೇಕು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ನಡೆದಾಗ ಇಡೀ ಜಿಲ್ಲೆಯ ಮೊಬೈಲ್ ಇಂಟರ್ನೆಟ್ಟನ್ನು ಒಂದು ಆದೇಶದಿಂದ 48 ಗಂಟೆ ಸ್ಥಗಿತಗೊಳಿಸಲಾಯಿತು. 2020ರ ಜುಲೈಯಲ್ಲಿ, ಮೇಲೆ ಹೇಳಿದ ಇಮೇಲ್ ಅಭಿಯಾನ ನಡೆಸಿದ ಯುವ ಸಂಘಟನೆಗಳ ಜಾಲತಾಣಗಳು ತೆರೆಯದಂತಾದವು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ತರುಣಿ ದಿಶಾ ರವಿ, ರೈತ ಹೋರಾಟದ ಬೆಂಬಲದ ದಾಖಲೆಯೊಂದನ್ನು ತಿದ್ದಿ ಹಂಚಿದ ಆರೋಪದಲ್ಲಿ ಬಂಧಿತರಾಗಿ, ಹತ್ತು ದಿನಗಳ ಬಳಿಕ ಜಾಮೀನು ಪಡೆದರು. ತೆರೆಯ ಹಿಂದಿರುವುದು ಸುರಕ್ಷಿತ ಎಂಬ ಭಾವನೆಯೂ ಹುಸಿ. ಬೀದಿಯಲ್ಲಿ ನಿಂತವನ ಜೊತೆ ಊರಿರುತ್ತದೆ; ತೆರೆಯ ಹಿಂದೆ ಸಿಕ್ಕಿಬಿದ್ದವನು ಒಂಟಿ.

ಇನ್ನೊಂದು ಕೀಲಿ ಕಂಪನಿಯ ಕೈಯಲ್ಲಿದೆ. 2017ರಿಂದ ಕೆಲ ಕಾಲ, ಸಿಟ್ಟಿನ ಮುಖದ ಗುರುತಿಗೆ ಲೈಕಿಗಿಂತ ಐದು ಪಟ್ಟು ತೂಕವನ್ನು ಫೇಸ್‌ಬುಕ್ ಕೊಟ್ಟಿತ್ತೆಂದು 2021ರಲ್ಲಿ ಹೊರಬಿದ್ದ ಆ ಕಂಪನಿಯ ಒಳದಾಖಲೆಗಳು ತೋರಿಸಿದವು. ಯಾವುದು ರೇಗಿಸುತ್ತದೋ ಅದು ಮೇಲೇರುತ್ತದೆ. ಕರಡು ಅಧಿಸೂಚನೆಯ ಸಾರಾಂಶ ಯಾರನ್ನೂ ರೇಗಿಸುವುದಿಲ್ಲ. ಆದ್ದರಿಂದ ಅದು ಕೆಳಗೇ ಉಳಿಯುತ್ತದೆ.

ಮೂರನೆಯ ಮಾತು ಇನ್ನೂ ಮುಖ್ಯ. ಕಾಡಿಗೆ ಅತ್ಯಂತ ಸಮೀಪ ಇರುವವನೇ ಈ ಜಾಲದಿಂದ ಅತ್ಯಂತ ದೂರ. 2021ರ ಜೂನಿನಲ್ಲಿ ಸುಳ್ಯದ ಗುತ್ತಿಗಾರು ಬಳಿಯ ಬಳ್ಳಕ್ಕದಲ್ಲಿ, ನೆಟ್‌ವರ್ಕಿಗಾಗಿ ರಸ್ತೆ ಬದಿಗೆ ಬಂದು ಕುಳಿತ ವಿದ್ಯಾರ್ಥಿನಿಗೆ ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ದೇಶ ನೋಡಿ ಹಂಚಿದ ಆ ಚಿತ್ರವನ್ನು ತೆರೆದು ನೋಡಲು ಅದೇ ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಗುಡ್ಡದ ಮೇಲಿನ ಮಲೆಕುಡಿಯರ ಮನೆ, ಕೂಲಿಗೆ ಹೋಗುವ ಹೆಂಗಸು, ಮೊಬೈಲಿನ ಅಕ್ಷರ ಓದಲಾಗದ ಅಜ್ಜ ಗುಂಪಿನಲ್ಲಿಲ್ಲದ ಚಳವಳಿ ಯಾರ ಪರವಾಗಿ ಮಾತಾಡುತ್ತದೆ? 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಮನೆಯ ಹಿಂದಿನ ಗುಡ್ಡ ಜರಿದು ಇಬ್ಬರು ಮಕ್ಕಳು ಮಡಿದರು. ಆ ರಾತ್ರಿಯ ಚಿತ್ರಗಳನ್ನು ಹಂಚಿದವರಿಗೆ ಲೆಕ್ಕವಿಲ್ಲ. ಊರಿನಲ್ಲಿ ಯಾವ ಯಾವ ಮನೆಯ ಹಿಂದೆ ಅಂಥದೇ ಬರೆ ನಿಂತಿದೆ ಎಂಬ ಪಟ್ಟಿ ಮಾಡಲು ಮನೆ ಮನೆಗೆ ಹೋಗಬೇಕು. ಅಲ್ಲಿಗೆ ಫಾರ್ವರ್ಡ್ ಹೋಗುವುದಿಲ್ಲ, ಕಾಲೇ ಹೋಗಬೇಕು.

ಮಾಡಬೇಕಾದದ್ದು

ಮೊಬೈಲನ್ನು ಹೊಳೆಗೆ ಎಸೆಯಬೇಕೆಂದು ಯಾರೂ ಹೇಳುತ್ತಿಲ್ಲ. ಅದನ್ನು ಚಾಕರಿಗೆ ಹಚ್ಚಬೇಕು, ಯಜಮಾನಿಕೆಗೆ ಅಲ್ಲ. ಪ್ರತಿ ಗ್ರಾಮದ ಪರಿಸರ ಗುಂಪು ಒಂದು ಕಟ್ಟಳೆ ಹಾಕಿಕೊಳ್ಳಬಹುದು: ಯೋಜನೆಯ ಹೆಸರು, ಕಡತದ ಸಂಖ್ಯೆ, ಕೊನೆಯ ದಿನಾಂಕ, ಸಭೆಯ ಹೊತ್ತು ಇಲ್ಲದ ಸಂದೇಶಕ್ಕೆ ಅಲ್ಲಿ ಜಾಗವಿಲ್ಲ. ಕರಡು ಬಂದ ವಾರದೊಳಗೆ ಅದನ್ನು ಕನ್ನಡಕ್ಕಿಳಿಸುವ ಕೆಲಸ ಕಾಲೇಜು ವಿದ್ಯಾರ್ಥಿಗಳದು. ಅದನ್ನು ಮುದ್ರಿಸಿ ಹಾಲಿನ ಸೊಸೈಟಿ, ಪಡಿತರ ಅಂಗಡಿ, ಬಸ್ ತಂಗುದಾಣಗಳಲ್ಲಿ ಅಂಟಿಸುವುದೂ ಅವರಿಂದಾಗುವ ಕೆಲಸ. ವರ್ಷಕ್ಕೆರಡು ಬಾರಿಯಾದರೂ ಕರೆಯಬೇಕಾದ ಗ್ರಾಮಸಭೆಗೆ ಮನೆಗೊಬ್ಬರು ಹೋಗಬೇಕು. ನಿರ್ಣಯವನ್ನು ಪುಸ್ತಕದಲ್ಲಿ ಬರೆಯಿಸಿ, ನಡಾವಳಿಯ ದೃಢೀಕೃತ ಪ್ರತಿ ಪಡೆಯುವ ತನಕ ಏಳಬಾರದು. ಆಕ್ಷೇಪಣೆ ಸಲ್ಲಿಸಿದರೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬರಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲಿ ಇರಬೇಕಾದ ಸಮಿತಿಯೂ ದಾಖಲಾತಿ ಪುಸ್ತಕವೂ ತಮ್ಮೂರಿನಲ್ಲಿ ಎಲ್ಲಿವೆ ಎಂದು ಕೇಳಬೇಕು. ಸಭೆ ಮುಗಿದ ಮೇಲೆ ಆ ನಿರ್ಣಯದ ಚಿತ್ರವನ್ನು ತೆಗೆದು ಸಾವಿರ ಮಂದಿಗೆ ಕಳಿಸಿದರೆ ಅದಕ್ಕೊಂದು ಅರ್ಥವಿರುತ್ತದೆ.

ನಾಯಕರೆನಿಸಿಕೊಂಡವರಿಗೂ ಒಂದು ಮಾತು ಸಲ್ಲುತ್ತದೆ. ಧರಣಿಯ ಚಿತ್ರ ತೆಗೆದು ಹಾಕಿ ಮಧ್ಯಾಹ್ನಕ್ಕೆ ಮನೆಗೆ ಮರಳುವ ನಾಯಕತ್ವವನ್ನು ಅಧಿಕಾರಿಗಳು ಚೆನ್ನಾಗಿ ಬಲ್ಲರು. ಅವರು ಕಾಯುವುದು ಮಧ್ಯಾಹ್ನಕ್ಕಾಗಿಯೇ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಕಳಸೆಯ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಕೊಡಲಿಯವರು ಮರಳಿದ್ದು ಚಿತ್ರ ನೋಡಿಯಲ್ಲ, ಮರಕ್ಕೂ ಕೊಡಲಿಗೂ ನಡುವೆ ನಿಂತ ಮೈಗಳನ್ನು ನೋಡಿ.

ಮುಂದಿನ ಕರಡು ಬಂದೇ ಬರುತ್ತದೆ. ಮುಂದಿನ ಅಣೆಕಟ್ಟಿನ, ಮುಂದಿನ ಹೆದ್ದಾರಿಯ, ಮುಂದಿನ ಕ್ವಾರಿಯ ಅರ್ಜಿಯೂ ಯಾವುದೋ ಮೇಜಿನ ಮೇಲೆ ಕಾದು ಕುಳಿತಿದೆ. ಅದು ಪಂಚಾಯತಿಗೆ ಬರುವ ದಿನ ಸಭಾಭವನದಲ್ಲಿ ಅಧ್ಯಕ್ಷರು, ಪಿಡಿಒ ಮತ್ತು ಗುತ್ತಿಗೆದಾರನ ಕಡೆಯ ನಾಲ್ವರು ಮಾತ್ರ ಇದ್ದರೆ, ಊರಿನ ಮೊಬೈಲುಗಳಲ್ಲಿ ಆ ದಿನ ಎಷ್ಟು ಸಾವಿರ ಹಸಿರು ಹೃದಯಗಳು ಹಾರಾಡಿದರೂ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗುತ್ತದೆ.